ಊರು ಉಳಿಯಿತು, ಹುಡುಗಿ ಒಂದಕ್ಷರವಾದಳು

ಅಣ್ಣನ ಮಗಳು ಇಲ್ಲೇ ಮುಂಬಯಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೊನ್ನೆ ಭಾನುವಾರ ಜರ್ನಲ್ಲಿಗೆ ಕಳಿಸುವ ಲೇಖನದ ರೆಫರೆನ್ಸ್ ಪಟ್ಟಿ ಹಿಡಿದು ಬಂದಳು. "ಚಿಕ್ಕಪ್ಪಾ, ನೀವು ಬ್ಯಾಂಕಿನಲ್ಲಿ ವೋಚರ್ ನೋಡಿ ಪಳಗಿದವರು, ಇದನ್ನೂ ಒಮ್ಮೆ ತಾಳೆ ನೋಡಿ" ಅಂದಳು.

ನೋಡಿದರೆ ಅವಳದೇ ಮೊದಲ ಲೇಖನ ಅವಳ ಹೆಸರಿನಲ್ಲಿಲ್ಲ! ಎಪಿಎ ಪದ್ಧತಿಯಲ್ಲಿ ಸರ್‌ನೇಮ್ ಪೂರ್ತಿ, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ. ನಮ್ಮ ಹಳೇ ಮೈಸೂರಿನ ಕಡೆ ಎಷ್ಟು ಜನಕ್ಕೆ ಸರ್‌ನೇಮ್ ಇದೆ ಹೇಳಿ? ಊರು, ಅಪ್ಪ, ಎರಡೂ ಇನಿಷಿಯಲ್ಲು. ಫಾರ್ಮಿನಲ್ಲಿ ಸರ್‌ನೇಮ್ ಕಡ್ಡಾಯ ಅಂತ ಊರಿನ ಹೆಸರು ತುಂಬಿದ್ದಳು. ಊರು ಪೂರ್ತಿ ಉಳಿಯಿತು, ಹುಡುಗಿ ಒಂದಕ್ಷರವಾದಳು. ಅಚ್ಚಾದದ್ದನ್ನು ಈಗ ಹಾಗೇ ಬರೆಯಬೇಕು.

ಎಂ. ಎನ್. ಶ್ರೀನಿವಾಸರನ್ನೇ ತಗೊಳ್ಳಿ. 'ಎಂ' ಅಂದರೆ ಮೈಸೂರು, 'ಎನ್' ಅಂದರೆ ನರಸಿಂಹಾಚಾರ್. ಪಟ್ಟಿಯಲ್ಲಿ 'ಶ್ರೀನಿವಾಸ್, ಎಂ. ಎನ್.' ಅಂತಲೇ ಬರಬೇಕು. 'ಮೈಸೂರು, ಎನ್. ಎಸ್.' ಅಂತ ಹಾಕಿದರೆ 1976ರ 'ದಿ ರಿಮೆಂಬರ್ಡ್ ವಿಲೇಜ್' ಬರೆದವರು ಯಾರ ಕಣ್ಣಿಗೆ ಬಿದ್ದಾರು?

ಇದು ಗುಮಾಸ್ತೆ ಕೆಲಸ, ಸಾಫ್ಟ್‌ವೇರ್ ಮಾಡುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೆ: ಬೇರೆ ಖಾತೆಗೆ ಜಮೆಯಾದ ದುಡ್ಡಿನ ಹಾಗೆ, ಬೇರೆ ಹೆಸರಿಗೆ ಹೋದ ಉಲ್ಲೇಖವೂ ದುಡಿದವರ ಲೆಕ್ಕಕ್ಕೆ ಸುಲಭವಾಗಿ ಬರುವುದಿಲ್ಲ. 2012ರಲ್ಲಿ ಶುರುವಾದ ಆರ್ಕಿಡ್ ಎಂಬ 16 ಅಂಕಿಯ ನಂಬರು ಪುಕ್ಕಟೆ ಸಿಗುತ್ತದೆ, ಅಕೌಂಟ್ ನಂಬರಿನ ಹಾಗೆ. ತಗೊಳ್ಳಲಿ. ಆದರೆ ಪಟ್ಟಿಯಲ್ಲಿ ಅಚ್ಚಾಗುವುದು ಹೆಸರೇ.

ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ, ಮೊದಲ ಲೇಖನ ಕಳಿಸುವ ಮುಂಚೆಯೇ ಹೆಸರಿನ ರೂಪ ಗಟ್ಟಿ ಮಾಡಿಕೊಳ್ಳಲು ಹೇಳಿ.