ಬಾಯಿಲ್ಲದ ಸರಕು

ಬೇಲೆಕೇರಿ ಎಂಬ ಊರನ್ನು ಬಲ್ಲಿರಾ ಎಂದು ಬೆಂಗಳೂರಿನಲ್ಲಿ ಹತ್ತು ಜನರನ್ನು ಕೇಳಿರಿ. ಬಲ್ಲವರೆಲ್ಲರೂ ಒಂದೇ ಮಾತನ್ನು ಆಡುವರು: ‘ಅದಿರು ಮಾಯವಾದ ಬಂದರವಲ್ಲವೆ?’ ೨೦೧೦ರಲ್ಲಿ ಅಲ್ಲಿ ಜಪ್ತಿಯಾದ ಸುಮಾರು ೫ ಲಕ್ಷ ಟನ್ನು ಕಬ್ಬಿಣದ ಅದಿರಿನ ದೊಡ್ಡ ಭಾಗವು ಹಡಗನ್ನೇರಿ ಹೋದ ಕಥೆ, ೨೦೧೧ರ ಲೋಕಾಯುಕ್ತರ ವರದಿ, ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಕೊಟ್ಟ ತೀರ್ಪು, ಇವೇ ಆ ಊರಿನ ಜಾಹೀರಾತುಗಳಾಗಿ ಕುಳಿತಿರುವವು. ಅದಿರು ಬಂದದ್ದು ಬಳ್ಳಾರಿ ಸೀಮೆಯ ನೆಲದಿಂದ, ಹೋದದ್ದು ಪರದೇಶಕ್ಕೆ. ನಡುವೆ ಬೇಲೆಕೇರಿಗೆ ಉಳಿದದ್ದು ಕೆಂಪು ಧೂಳು ಮತ್ತು ಕೆಟ್ಟ ಹೆಸರು.

ಆದರೆ ಅದಿರಿನವರ ಮೇಲೆ ಬರೆಯುವದು ಇಂದಿನ ನಮ್ಮ ಉದ್ದೇಶವಲ್ಲ. ನಮ್ಮ ಜಗಳವಿರುವದು ನಮ್ಮವರೊಡನೆಯೇ. ಬೇಲೆಕೇರಿಯಿಂದ ಅಂಕೋಲೆಯವರೆಗಿನ ಆ ಕೆಲವೇ ಮೈಲುಗಳಲ್ಲಿ ಬಂಗಡೆಯನ್ನು ಒಣಗಿಸಿ ಮಾರುವವರಿದ್ದಾರೆ, ಮಾವಿನ ತೋಟದವರಿದ್ದಾರೆ, ಹಪ್ಪಳ ಉಪ್ಪಿನಕಾಯಿಗಳನ್ನು ಮಾಡಿ ಸಂಸಾರ ಸಾಗಿಸುವ ತಾಯಂದಿರಿದ್ದಾರೆ. ಇವರೊಳಗೆ ತನ್ನ ಸರಕಿನ ಮೇಲೆ ತನ್ನ ಹೆಸರನ್ನೂ ತನ್ನ ಊರಿನ ಹೆಸರನ್ನೂ ಬರೆದು ಮಾರುವವರು ಎಷ್ಟು ಜನ? ಪರರು ಊರಿನ ಹೆಸರನ್ನು ಕೆಡಿಸಿದರೆಂದು ಸಿಟ್ಟಾಗುವದು ಸರಿ. ಊರವರೇ ಆ ಹೆಸರನ್ನು ಬಳಸದೆ ಬಿಟ್ಟರೆಂಬುದಕ್ಕೆ ಸಿಟ್ಟಾಗುವದು ಯಾವಾಗ? ಬಿತ್ತದೆ ಬಿಟ್ಟ ಹೊಲದಲ್ಲಿ ಕಳೆಯಲ್ಲದೆ ಮತ್ತೇನು ಬೆಳೆದೀತು?

ಕೇಳಿದರೆ ಉತ್ತರವು ಸಿದ್ಧವಾಗಿರುವದು: ‘ಸರಕು ಒಳ್ಳೆಯದಿದ್ದರೆ ಗಿರಾಕಿ ತಾನಾಗಿ ಬರುವನು. ನಮ್ಮನ್ನು ನಾವೇ ಹೊಗಳಿಕೊಳ್ಳುವದು ಮರ್ಯಾದಸ್ಥರಿಗೆ ತಕ್ಕುದಲ್ಲ.’ ಶಾಸ್ತ್ರ ಬಲ್ಲವರು ಕರ್ಣಪರ್ವವನ್ನೂ ಸಾಕ್ಷಿಗೆ ಕರೆಯುವರು. ಅಣ್ಣನನ್ನು ನಿಂದಿಸಿದ ಪಶ್ಚಾತ್ತಾಪದಿಂದ ಸಾಯಹೊರಟ ಅರ್ಜುನನಿಗೆ ಶ್ರೀಕೃಷ್ಣನು, ನಿನ್ನನ್ನು ನೀನೇ ಹೊಗಳಿಕೊ, ಅದೇ ಸಾವಿಗೆ ಸಮಾನವೆಂದು ಹೇಳಿದನಷ್ಟೆ! ಒಪ್ಪಿದೆವು. ಆದರೆ ಗಾಂಡೀವಿಯ ಹೆಸರು ಮೂರು ಲೋಕಗಳಿಗೂ ಮೊದಲೇ ಗೊತ್ತಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಬುಟ್ಟಿಯನ್ನಿಟ್ಟುಕೊಂಡು ಹೆದ್ದಾರಿಯ ಬದಿಗೆ ಕುಳಿತ ತಾಯಿಗೆ ಅದೇ ಶಾಸ್ತ್ರವನ್ನು ಹೇಳಹೋಗುವದು ಕ್ರೌರ್ಯವೆಂದು ನಮ್ಮ ಸ್ಪಷ್ಟವಾದ ಮತ. ಈ ಹಣ್ಣು ಇಂಥ ಊರಿನದು, ಇಂಥವರು ಬೆಳೆದದ್ದು, ಇಂಥ ದಿನ ಕೊಯ್ದದ್ದು ಎಂದು ಹೇಳಿದರೆ ಅದು ಯಾವ ಆತ್ಮಸ್ತುತಿ? ಕೋರ್ಟಿನಲ್ಲಿ ಸಾಕ್ಷಿದಾರನು ಹೇಳುವದೂ ಇಷ್ಟೇ.

ಆ ಹಣ್ಣಿನ ಮಾತನ್ನೇ ತೆಗೆದುಕೊಳ್ಳೋಣ. ಅಂಕೋಲೆಯ ಕರಿ ಇಶಾಡ ಮಾವಿನ ಸಿಪ್ಪೆ ತೆಳುವು, ತಿರುಳು ಹೆಚ್ಚು, ರುಚಿಯ ಮಾತು ತಿಂದವರಿಗೆ ಗೊತ್ತು. ಬಿಳಿ ಇಶಾಡದ ಸಿಪ್ಪೆ ದಪ್ಪ, ತಿರುಳು ಕಡಿಮೆ. ಈ ಭೇದವನ್ನು ಅಂಕೋಲೆಯ ಶಾಲೆಯ ಹುಡುಗನೂ ಬಲ್ಲನು. ಹುಬ್ಬಳ್ಳಿಯ ಗಿರಾಕಿ ಅರಿಯನು. ಅರಿಯದವನಿಗೆ ಬಿಳಿಯದನ್ನೇ ಕರಿಯದೆಂದು ದಾಟಿಸಿದರೆ ಮರುವರ್ಷ ಅವನು ಎರಡನ್ನೂ ಕೊಳ್ಳನು. ತೆಳು ಸಿಪ್ಪೆಯ ಹಣ್ಣು ಬಹಳ ದಿನ ತಾಳದು. ಆದುದರಿಂದ ಬೆಳೆದವನು ಸುಗ್ಗಿಯ ಅವಸರದಲ್ಲಿ ದಲಾಲನು ಹೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುವನು. ಮುಂದೆ ಆ ಹಣ್ಣು ಯಾವ ಪೇಟೆಯಲ್ಲಿ ಯಾವ ಹೆಸರಿನಿಂದ ಮಾರಿತೆಂಬುದು ಅವನಿಗೆ ತಿಳಿಯದು; ತಿಂದವನಿಗೂ ಅದು ಯಾರ ತೋಟದ್ದೆಂದು ತಿಳಿಯದು. ನಡುವಿನವನೊಬ್ಬನಿಗೆ ಎರಡೂ ತಿಳಿದಿರುವವು, ಮತ್ತು ಲಾಭವೆಲ್ಲ ಆ ತಿಳಿವಳಿಕೆಯಲ್ಲಿಯೇ ಇರುವದು. ರತ್ನಾಗಿರಿಯವರಾದರೋ ತಮ್ಮ ಆಪೂಸಿನ ಪೆಟ್ಟಿಗೆಯ ಮೇಲೆ ಊರಿನ ಹೆಸರನ್ನು ಬರೆದು ಬರೆದು, ಮಾವೆಂದರೆ ರತ್ನಾಗಿರಿ ಎಂದು ಮೈಸೂರಿನವನೂ ಅನ್ನುವಂತೆ ಮಾಡಿದರು. ೧೯೫೬ರ ನವೆಂಬರ ೧ರಂದು ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡದ ಮನೆಯನ್ನು ಸೇರಿತು. ನಕಾಶೆಯು ಒಂದಾಯಿತು, ಆದರೆ ಅಂಕೋಲೆಯ ಹಣ್ಣಿಗೆ ಮಂಡ್ಯದಲ್ಲಿ ಇನ್ನೂ ಗುರುತಿನವರಿಲ್ಲ.

೨೦೨೩ರಲ್ಲಿ ಈ ಮಾವಿಗೆ ಜಿ.ಐ. ಎಂದು ಜನರು ಕರೆಯುವ ಭೌಗೋಳಿಕ ಗುರುತು ದೊರೆಯಿತು. ಅಂಕೋಲೆಯ ರೈತರ ಸಂಸ್ಥೆಯೊಂದು ಶ್ರಮಪಟ್ಟು ಅದನ್ನು ತಂದಿತು. ಅದಕ್ಕೆ ನಮ್ಮ ಅಭಿನಂದನೆಗಳು. ಪತ್ರಿಕೆಗಳಲ್ಲಿ ಸುದ್ದಿ ಬಂದಿತು, ಶಾಲು ಹಾರಗಳೂ ಆದವು. ಹಲವರು ಅಲ್ಲಿಗೆ ಕೆಲಸವು ಮುಗಿಯಿತೆಂದು ತಿಳಿದರು. ೧೯೯೯ರ ಕಾಯದೆಯನ್ನು ಓದಿದವರು ಹಾಗೆ ತಿಳಿಯಲಾರರು. ಹೆಸರು ಒಂದು ಸಂಸ್ಥೆಯ ಒಡೆತನದಲ್ಲಿ ನೋಂದಣಿಯಾದರೂ, ಅದನ್ನು ಸರಕಿನ ಮೇಲೆ ಬಳಸಬೇಕೆನ್ನುವ ಒಬ್ಬೊಬ್ಬ ಬೆಳೆಗಾರನೂ ‘ಅಧಿಕೃತ ಬಳಕೆದಾರ’ನೆಂದು ಚೆನ್ನೈಯ ಕಚೇರಿಯಲ್ಲಿ ತನ್ನ ಹೆಸರನ್ನು ಬರೆಯಿಸಬೇಕು. ಇದರ ಅರ್ಜಿಯ ಶುಲ್ಕವು ೫೦೦ ರೂಪಾಯಿ ಇದ್ದುದನ್ನು ೨೦೨೦ರಲ್ಲಿ ೧೦ ರೂಪಾಯಿಗೆ ಇಳಿಸಲಾಯಿತು. ಹತ್ತೇ ರೂಪಾಯಿ! ಒಂದು ಕಪ್ಪು ಚಹದ ಬೆಲೆ. ನೋಂದಣಿಯ ಆಯುಷ್ಯವೂ ೧೦ ವರ್ಷ ಮಾತ್ರ, ಆಮೇಲೆ ನವೀಕರಿಸಬೇಕು. ಬೀಗವನ್ನು ಊರಿಗೆ ತಂದಿಟ್ಟಾಯಿತು, ತನ್ನ ತನ್ನ ಕೀಲಿಯನ್ನು ಮಾಡಿಸಿಕೊಳ್ಳುವವರು ಬೇಡವೆ?

ಹೆಸರಿಗೆ ಬೆಲೆಯಿರುವದೆಂಬುದನ್ನು ಅಂಕೋಲೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ೧೯೩೦ರ ಏಪ್ರಿಲ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ದಂಡೆಯಲ್ಲಿ ಉಪ್ಪಿನ ಕಾಯದೆಯನ್ನು ಮುರಿದರು. ಆ ಉಪ್ಪನ್ನು ಬಹಿರಂಗವಾಗಿ ಹರಾಜು ಹಾಕಿದರು. ಕೊಂಡವರು ರುಚಿ ನೋಡಿ ಕೊಂಡರೇ? ಯಾರು ಮಾಡಿದರು, ಎಲ್ಲಿ ಮಾಡಿದರು, ಏತಕ್ಕಾಗಿ ಮಾಡಿದರು ಎಂಬುದನ್ನು ಸಾವಿರಾರು ಜನರ ಎದುರಿಗೆ ಕೂಗಿ ಹೇಳಿದ್ದರಿಂದ ಆ ಚಿಟಿಕೆ ಉಪ್ಪಿಗೆ ಬೆಲೆ ಬಂದಿತು. ಅಂದು ಸರಕಾರದ ಲಾಠಿಗೆ ಹೆದರದೆ ತಮ್ಮ ಸರಕಿನ ಹೆಸರನ್ನು ಹೇಳಿದವರ ಮೊಮ್ಮಕ್ಕಳು ಇಂದು ಯಾರಿಗೆ ಹೆದರಿ ಸುಮ್ಮನಿರುವರೋ ನಮಗೆ ತಿಳಿಯದು.

ಮೈಸೂರು ಸರಕಾರದವರು ಗಂಧದ ಸಾಬೂನನ್ನು ಹೊರಗೆ ತಂದಾಗ ಊರಿನ ಹೆಸರನ್ನೇ ಅದಕ್ಕೆ ಇಟ್ಟರು, ಆನೆಯ ಮೋರೆಯ ಶರಭವನ್ನು ಮುದ್ರೆಯಾಗಿ ಒತ್ತಿದರು. ಕರಾಚಿಯಲ್ಲಿ ಅದರ ಪ್ರಚಾರಕ್ಕೆಂದು ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರೆಂದು ಹೇಳುವರು. ನಮ್ಮ ಇಂದಿನ ಇಲಾಖೆಗಳವರು ಮಾವಿನ ಮೇಳಗಳನ್ನು ಮಾಡಿದರೆ ಫಲಕದ ಮೇಲೆ ಮಂತ್ರಿಗಳ ಮುಖ ಮಾವಿಗಿಂತ ದೊಡ್ಡದಾಗಿರುವದು, ಬೆಳೆದವನ ಹೆಸರು ಎಲ್ಲಿಯೂ ಇರದು. ಆದರೂ ಸರಕಾರಕ್ಕಾಗಿ ಕಾಯುವದು ವ್ಯರ್ಥ. ಮೊಬೈಲು ಈಗ ಮನೆಮನೆಗೂ ಬಂದಿರುವದು. ಬೆಳಗಾದರೆ ಶುಭೋದಯದ ಹೂವನ್ನು ನೂರು ಜನರಿಗೆ ಕಳಿಸುವ ಬೆರಳಿಗೆ ತನ್ನ ತೋಟದ ಬಗ್ಗೆ ನಾಲ್ಕು ಸಾಲು ಬರೆಯಲು ಬಾರದೆ? ಒಂದು ಬೆಳಗಾವಿಯ ಅಂಗಡಿಗೆ, ಒಂದು ದಾವಣಗೆರೆಯ ಖಾನಾವಳಿಗೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಊರಿನ ಹುಡುಗರಿಗೆ ‘ನಮ್ಮಲ್ಲಿ ಇಂಥದಿದೆ, ಎಷ್ಟು ಬೇಕು?’ ಎಂದು ಕೇಳುವದರಲ್ಲಿ ಯಾವ ಅವಮಾನವಿದೆ? ‘ಬೇಡ’ ಎಂದಾರು. ಹತ್ತು ಜನ ಬೇಡವೆಂದ ಮೇಲೆಯೇ ಹನ್ನೊಂದನೆಯವನು ಕೊಳ್ಳುವದು ವ್ಯಾಪಾರದ ರೂಢಿ.

ಇನ್ನು ಏನನ್ನು ಬರೆಯಬೇಕೆಂಬ ಮಾತು. ‘ಜಗತ್ತಿನಲ್ಲಿಯೇ ಶ್ರೇಷ್ಠ’ ಎಂಬ ಪೊಳ್ಳು ಡಂಗುರವು ಬೇಡ. ಅದನ್ನು ಸುಳ್ಳರು ಮೊದಲೇ ಬಳಸಿ ಸವೆಯಿಸಿರುವರು. ಸರಕಿನ ದೋಷವನ್ನೂ ಹೇಳಿರಿ. ಇದರ ಸಿಪ್ಪೆ ತೆಳುವು, ಹಣ್ಣಾದ ಮೇಲೆ ಬೇಗನೆ ತಿನ್ನಿರಿ, ಒಂದರ ಮೇಲೊಂದು ಹೇರಬೇಡಿರಿ ಎಂದು ಬರೆದವನ ಚೀಟಿಯನ್ನು ಗಿರಾಕಿ ನಂಬುವನು. ಒಣಮೀನಿನವರೂ ಉಪ್ಪು ಎಷ್ಟು, ಒಣಗಿಸಿದ್ದು ಯಾವಾಗ ಎಂಬುದನ್ನು ಬರೆಯಲಿ. ಬೇಲೆಕೇರಿಯ ಹೆಸರು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಲಿ; ಬೇರೆ ಭಾಷೆಗಳು ಅದರ ಕೆಳಗೆ ಬರಲಿ. ಒಬ್ಬನಿಗೆ ಅಚ್ಚಿನ ಖರ್ಚು ಹೆಚ್ಚಾದರೆ ಹತ್ತು ಮನೆಯವರು ಕೂಡಿ ಒಂದೇ ಚೀಟಿಯನ್ನು ಅಚ್ಚು ಹಾಕಿಸಿ, ಬೆಳೆದವರ ಹೆಸರಿಗೆ ಜಾಗವನ್ನು ಖಾಲಿ ಬಿಟ್ಟು, ಅದನ್ನು ಮನೆಯ ಮಕ್ಕಳ ಕೈಯಿಂದ ತುಂಬಿಸಲಿ.

ಇದನ್ನೆಲ್ಲ ಮೇ ತಿಂಗಳಿನಲ್ಲಿ, ಹಣ್ಣು ಬುಟ್ಟಿಗೆ ಬಂದ ಮೇಲೆ ಯೋಚಿಸತೊಡಗಿದರೆ ಮತ್ತೆ ದಲಾಲನೇ ಗತಿ. ಚೆನ್ನೈಗೆ ಅರ್ಜಿ ಹೋಗಿ ನೋಂದಣಿಯಾಗಿ ಬರಲು ತಿಂಗಳುಗಳು ಹಿಡಿಯುವವು. ಮಾವು ಹೂಬಿಡುವ ಮೊದಲೇ ಬೇಲೆಕೇರಿಯ ಹತ್ತು ಮನೆಗಳಿಂದ ಹತ್ತು ಹತ್ತು ರೂಪಾಯಿಗಳ ಅರ್ಜಿಗಳು ಹೊರಡಲಿ. ಅರ್ಜಿಯನ್ನು ತುಂಬಲು ಬಾರದವರಿಗೆ ಅಂಕೋಲೆಯ ಕಾಲೇಜಿನ ತರುಣರು ಒಂದು ರವಿವಾರವನ್ನು ಕೊಡಲಿ.