ಆಧಾರ್ ಪ್ರತಿಯೂ ಅಮಾನತ್ತೇ

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಇರಲಿ, ಮಕ್ಕಳ ಸ್ಕಾಲರ್‌ಶಿಪ್ ಇರಲಿ, ಹಜ್ ಅರ್ಜಿಯೇ ಇರಲಿ, ಈಗ ಎಲ್ಲದಕ್ಕೂ ಕಂಪ್ಯೂಟರ್ ಬೇಕು, ಒಟಿಪಿ ಬೇಕು. ಮೊಬೈಲ್ ಬಲ್ಲವರು ಮನೆಯಲ್ಲೇ ಕೂತು ಮುಗಿಸ್ತಾರೆ. ಬಾರದವರು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲವನ್ನೂ ಚೀಲದಲ್ಲಿ ಹಾಕ್ಕೊಂಡು ಸೈಬರ್ ಅಂಗಡಿಗೆ ಹೋಗ್ತಾರೆ. ಎಷ್ಟೋ ಕಡೆ ಅಲ್ಲಿನ ಹುಡುಗ ತನ್ನದೇ ನಂಬರ್ ಹಾಕಿ, ತನಗೆ ನೆನಪಿರುವ ಪಾಸ್‌ವರ್ಡ್ ಇಟ್ಟು ಅರ್ಜಿ ತುಂಬುತ್ತಾನೆ. ಮುಂದಿನ ವರ್ಷ ರಿನೀವಲ್‌ಗೆ ಹೋದರೆ ಹುಡುಗ ಕೆಲಸ ಬಿಟ್ಟಿರುತ್ತಾನೆ. ಪಾಸ್‌ವರ್ಡೂ ಅವನ ಜೊತೆಗೇ ಹೋಗಿರುತ್ತದೆ.

ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿದ ನಮ್ಮ ಮನೆಗಳಿಗೆ ಇನ್ನೊಂದು ತೊಡಕು ಇದೆ. ರೇಷನ್ ಕಾರ್ಡ್ ಊರಿನದು, ಆಧಾರ್‌ಗೆ ಜೋಡಿಸಿದ ನಂಬರ್ ಗಲ್ಫಿನಲ್ಲಿರುವ ಮಗನದು. ಅರ್ಜಿ ಉಮ್ಮನ ಹೆಸರಲ್ಲಿ, ಆದರೆ ಉಮ್ಮನ ಕೈಯಲ್ಲಿ ಏನೂ ಇಲ್ಲ.

ಸರಕಾರ ಮಾಹಿತಿ ಕೇಳಿದಾಗ ಪ್ರಶ್ನಿಸುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗಲೂ ನಮ್ಮ ಹೈಕೋರ್ಟ್, ಮಾಹಿತಿ ಗೋಪ್ಯವಾಗಿರಬೇಕು, ಕೊಡಲೇಬೇಕೆಂದು ಯಾರನ್ನೂ ಒತ್ತಾಯಿಸಬಾರದು ಎಂದು ಹೇಳಿತು. ಆದರೆ ನಮ್ಮ ಓಣಿಯ ಅಂಗಡಿಗೆ, ನಮ್ಮದೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹೀಗೆ ಹೇಳುವವರು ಯಾರು?

ರಮಝಾನ್ ಬಂದರೆ ಕಿಟ್ ಹಂಚುವವರು ಆಧಾರ್ ಪ್ರತಿ ಕೇಳ್ತಾರೆ. ಒಬ್ಬರಿಗೇ ಎರಡು ಸಲ ಹೋಗಬಾರದು ಎಂಬ ಕಾಳಜಿ ಸರಿಯೇ. ಆದರೆ ಪಟ್ಟಿ ಗ್ರೂಪಿಗೆ ಬಿದ್ದರೆ ಒಬ್ಬ ವಿಧವೆಯ ಹೆಸರು, ನಂಬರ್, ಮನೆಯ ಕಷ್ಟ ಮೂರೂ ನೂರಾರು ಮೊಬೈಲಿಗೆ ಹೋಗ್ತವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ನಾವು ಇದನ್ನು ನೋಡಿ ಸುಮ್ಮನಿರುವುದು ಹೇಗೆ?

"ಬಡವರಿಗೆ ಹಣ ಬಂದರೆ ಸಾಕು, ಗುಟ್ಟು ಯಾಕೆ" ಅನ್ನುವವರಿದ್ದಾರೆ. ಆದರೆ ಪಾಸ್‌ವರ್ಡ್ ಇನ್ನೊಬ್ಬರ ಕೈಯಲ್ಲಿದ್ದರೆ ಹಣವೂ ಅವರ ದಯೆಯಿಂದಲೇ ಬರಬೇಕಾಗುತ್ತದೆ. ಮಾನವಂತೂ ಬಡವರಿಗೂ ಒಂದೇ, ಶ್ರೀಮಂತರಿಗೂ ಒಂದೇ.

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಪ್ರತಿ ಜಮಾಅತ್‌ನಲ್ಲಿ ವಾರಕ್ಕೊಂದು ದಿನ ಕಾಲೇಜು ಓದುವ ಇಬ್ಬರು ಹುಡುಗರು, ಹೆಂಗಸರಿಗಾಗಿ ಇಬ್ಬರು ಹುಡುಗಿಯರು ಕೂರಲಿ. ಮೊದಲು ಉಮ್ಮಂದಿರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅವರ ಸ್ವಂತ ನಂಬರ್ ಜೋಡಿಸಲಿ. ಪಾಸ್‌ವರ್ಡನ್ನು ಒಂದು ಪುಸ್ತಕದಲ್ಲಿ ಬರೆದು ಅವರ ಕೈಗೇ ಕೊಡಲಿ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಉಳಿದ ಪ್ರತಿ ಅಳಿಸಲಿ. ಕಿಟ್ ಪಟ್ಟಿಗೆ ಆಧಾರ್‌ನ ಕೊನೆಯ ನಾಲ್ಕು ಅಂಕಿ ಸಾಕು. ಮೊದಲ ಎಂಟನ್ನು ಮುಚ್ಚಿಯೇ ಪ್ರತಿ ತೆಗೆಯಲಿ. ಪಟ್ಟಿ ಕಮಿಟಿಯ ಒಬ್ಬರ ಬಳಿ ಮಾತ್ರ ಇರಲಿ.

ನೆರೆಯವರು ನಂಬಿ ಇಟ್ಟ ಚಿನ್ನವನ್ನು ನಾವು ಬೀದಿಯಲ್ಲಿ ತೋರಿಸಿಕೊಂಡು ತಿರುಗುವುದಿಲ್ಲ. ಅವರ ಆಧಾರ್ ಪ್ರತಿಗೂ ಅದೇ ಅಮಾನತ್ತಿನ ಹಕ್ಕಿದೆ. ಮುಂದಿನ ರಮಝಾನಿನ ಪಟ್ಟಿಯಿಂದಲೇ ಶುರುಮಾಡೋಣ, ಇನ್‌ಶಾ ಅಲ್ಲಾಹ್.