ಬೀಜದ ಚೀಲಕ್ಕೆ ಚೀಟಿ ಐತಿ, ಹಲ್ಲಿಗೆ ಯಾಕಿಲ್ಲ?

ಹಿರೇಕೆರೂರಿನ ರೈತ ಗೋವಿನಜೋಳದ ಬೀಜ ತಂದರೆ ಮೊದಲು ಚೀಲ ತಿರುಗಿಸಿ ಲಾಟ್ ನಂಬರ್ ನೋಡುತ್ತಾನೆ. ಹಾನಗಲ್ಲಿನ ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕಿದವರು ಫ್ಯಾಟ್ ಎಷ್ಟು ಬಂತು ಎಂದು ಕೇಳದೆ ಮನೆಗೆ ಹೋಗುವುದಿಲ್ಲ. ಅದೇ ನಾವು ಸಾವಿರಾರು ರೂಪಾಯಿ ಕೊಟ್ಟು ಹಲ್ಲು ಕಟ್ಟಿಸಿಕೊಂಡು, ಅದು ಯಾವ ಲೋಹ ಎಂದೂ ಕೇಳದೆ ಬಸ್ ಹತ್ತುತ್ತೇವೆ.

‘ಸ್ಟೀಲ್ ಹಲ್ಲು’ ಎನ್ನುತ್ತೇವಲ್ಲ, ಅದು ಸಾಮಾನ್ಯವಾಗಿ ಸ್ಟೀಲ್ ಅಲ್ಲ. ಕೋಬಾಲ್ಟ್-ಕ್ರೋಮ್ ಇರಬೇಕು, ಇಲ್ಲವೆ ನಿಕಲ್-ಕ್ರೋಮ್. ಕಣ್ಣಿಗೆ ಎರಡೂ ಒಂದೇ. ಆದರೆ ನಿಕಲ್ ಕೆಲವರಿಗೆ ಆಗಿಬರುವುದಿಲ್ಲ. ಗಿಲೀಟಿನ ಓಲೆ ಹಾಕಿದರೆ ಕಿವಿ ತುರಿಸಿ ಸೋರುವುದು ಬಹಳ ಸಲ ನಿಕಲ್‌ನದೇ ಕೆಲಸ. ಓಲೆಯನ್ನು ತೆಗೆದಿಡಬಹುದು. ಸಿಮೆಂಟ್ ಹಾಕಿ ಅಂಟಿಸಿದ ಹಲ್ಲನ್ನು? (ದಂತ ಭಾಗ್ಯದ ಪೂರ್ತಿ ಸೆಟ್ ಪ್ಲಾಸ್ಟಿಕ್‌ನದು, ಅದರ ಮಾತಲ್ಲ ಇದು.)

ಪರೀಕ್ಷೆಯೇ ಇಲ್ಲವೆಂದಲ್ಲ. ಐಎಸ್‌ಒ 22674 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ನಿಕಲ್ ಶೇ 0.1 ದಾಟಿದರೆ ಕಂಪನಿ ಬರೆದು ತಿಳಿಸಬೇಕು. ಬೆರಿಲಿಯಂ, ಕ್ಯಾಡ್ಮಿಯಂ ಶೇ 0.02 ದಾಟುವಂತಿಲ್ಲ. ಲೋಹದ ತುಂಡನ್ನು ಲ್ಯಾಕ್ಟಿಕ್ ಆಮ್ಲ ಮತ್ತು ಉಪ್ಪು ಬೆರೆಸಿದ ನೀರಿನಲ್ಲಿ, ನಮ್ಮ ಮೈಬಿಸಿಯಷ್ಟೇ 37 ಡಿಗ್ರಿಯಲ್ಲಿ, 7 ದಿನ ನೆನೆಹಾಕುತ್ತಾರೆ. ಚದರ ಸೆಂಟಿಮೀಟರಿಗೆ 200 ಮೈಕ್ರೊಗ್ರಾಂಗಿಂತ ಹೆಚ್ಚು ಲೋಹ ಬಿಟ್ಟುಕೊಂಡರೆ ನಪಾಸು. ಮಜ್ಜಿಗೆಯ ಹುಳಿಯೂ ಲ್ಯಾಕ್ಟಿಕ್ ಆಮ್ಲದ್ದೇ. ಈ ನೀರು ಅದಕ್ಕಿಂತ ಬಹಳ ಹುಳಿ.

ಈ ಪಾಸು ಕಂಪನಿಯ ಡಬ್ಬಿಯಲ್ಲಿರುವ ಲೋಹಕ್ಕೆ. ಡಬ್ಬಿ ಒಡೆದು, ಕರಗಿಸಿ, ನಿಮ್ಮ ಅಳತೆಗೆ ಎರಕ ಹೊಯ್ಯುವುದು ಊರಾಚೆಯ ಯಾವುದೋ ಲ್ಯಾಬು. ಅಲ್ಲಿ ಹಳೆಯ ಎರಕದ ಉಳಿಕೆಯನ್ನೇ ಮತ್ತೆ ಮತ್ತೆ ಕರಗಿಸಿದರೆ, ಅಗ್ಗದ್ದನ್ನೇ ಕೋಬಾಲ್ಟ್-ಕ್ರೋಮ್ ಎಂದು ಕಳಿಸಿದರೆ ಹಿಡಿಯುವವರು ಯಾರು? 2017ರ ವೈದ್ಯಕೀಯ ಸಾಧನಗಳ ನಿಯಮದಲ್ಲಿ, ಒಬ್ಬ ರೋಗಿಗೆಂದೇ ಮಾಡಿದ ಸಾಧನಕ್ಕೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿದ್ದಾರೆ. ಪುಕ್ಕಟೆ ಅಲ್ಲ: ವೈದ್ಯರು ಬರೆದುಕೊಟ್ಟಿರಬೇಕು, ‘ಕಸ್ಟಮ್ ಮೇಡ್ ಡಿವೈಸ್’ ಎಂಬ ಲೇಬಲ್ ಇರಬೇಕು. ಆ ಲೇಬಲ್ ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ?

‘ಹಳ್ಳಿಯವರಿಗೆ ರೇಟು ಕಡಿಮೆ ಇದ್ದರೆ ಸಾಕು’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಬಂಗಾರ ಪರೀಕ್ಷಿಸುವ ಎಕ್ಸ್‌ಆರ್‌ಎಫ್‌ನಂಥ ಯಂತ್ರ, ಹಲ್ಲು ಕೆಡಿಸದೆ ನಿಮಿಷಗಳಲ್ಲಿ ನಿಕಲ್ ಪತ್ತೆ ಮಾಡಬಲ್ಲದು. ಬೆರಿಲಿಯಂ ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ, ಲೋಹವನ್ನು ಆಮ್ಲದಲ್ಲಿ ಕರಗಿಸಿಯೇ ನೋಡಬೇಕು. ಅದರ ದೂಳು ಮೊದಲು ತಿನ್ನುವುದು ಲ್ಯಾಬಿನಲ್ಲಿ ಹಲ್ಲು ಉಜ್ಜುವ ಹುಡುಗರ ಪುಪ್ಪುಸವನ್ನು. ಆ ಹುಡುಗರೂ ನಮ್ಮ ಊರುಗಳವರೇ ಇರಬಹುದು. ಔಷಧ ನಿಯಂತ್ರಣ ಇಲಾಖೆ ಪ್ರತಿ ತಿಂಗಳು ನಾಲ್ಕು ಹಲ್ಲು ತರಿಸಿ ಪರೀಕ್ಷಿಸಿ, ಫಲಿತಾಂಶವನ್ನು ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಸವಣೂರು, ಶಿಗ್ಗಾಂವಿ ಕಡೆಯಿಂದ ಈ ವಾರ ಹಲ್ಲು ಕಟ್ಟಿಸಲು ಹೊರಟವರು ಲೋಹದ ಹೆಸರು, ಕಂಪನಿ, ಲಾಟ್ ನಂಬರ್ ಬಿಲ್ಲಿನ ಮೇಲೆ ಬರೆದುಕೊಡಲು ಕೇಳಿ. ಅಳತೆ ಕೊಡುವ ಮೊದಲೇ ಕೇಳಿ. ಬರೆಯುವುದಿಲ್ಲ ಎಂದರೆ ಕುರ್ಚಿಯಿಂದ ಎದ್ದು ಬನ್ನಿ.